ಹೊಸ ಭಾಷೆಯ ಕಲಿಕೆ: ಕಿವಿ, ನೆನಪು ಮತ್ತು ಕನ್ನಡದ ಬುತ್ತಿ

ಹೊಸ ಭಾಷೆಯೊಂದನ್ನು ಕಲಿಯಲು ಹೊರಟು ನಡುವೆಯೇ ಕೈಬಿಟ್ಟವರನ್ನು ಕಾರಣ ಕೇಳಿ ನೋಡಿ. ಸಾಮಾನ್ಯವಾಗಿ ಮೂರು ಉತ್ತರಗಳು ಸಿಗುತ್ತವೆ. 'ಆ ಶಬ್ದಗಳು ಕಿವಿಗೇ ಹತ್ತುವುದಿಲ್ಲ, ಇನ್ನು ನಾಲಗೆ ಹೇಗೆ ಹೊರಳೀತು?' ಎಂಬುದು ಮೊದಲನೆಯದು. 'ಇಂದು ಕಲಿತ ಪದ ನಾಳೆಗೆ ಮರೆತುಹೋಗುತ್ತದೆ' ಎಂಬುದು ಎರಡನೆಯದು. 'ನಮಗೆ ವಯಸ್ಸಾಯಿತು, ಭಾಷೆ ಕಲಿಯುವುದೇನಿದ್ದರೂ ಮಕ್ಕಳ ಕೆಲಸ' ಎಂಬುದು ಮೂರನೆಯದು. ಮೂರನ್ನೂ ಒಟ್ಟುಗೂಡಿಸಿ 'ನನಗೆ ಭಾಷೆಯ ಪ್ರತಿಭೆ ಇಲ್ಲ' ಎಂದು ತಮಗೆ ತಾವೇ ಷರಾ ಬರೆದುಕೊಳ್ಳುವವರೂ ಇದ್ದಾರೆ.

ಭೌತವಿಜ್ಞಾನದ ಪಾಠ ಹೇಳುವವನಿಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ಈ ಮೂರೂ ದೂರುಗಳು ಅಳತೆಗೆ ಸಿಗುವಂಥವು. ವಿಜ್ಞಾನಿಗಳು 1885ರಿಂದಲೂ ಅವನ್ನು ಅಳೆಯುತ್ತ ಬಂದಿದ್ದಾರೆ. ಆ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಪ್ರತಿಭೆಯ ಮಾತು ಹಿಂದೆ ಸರಿದು, ಅಭ್ಯಾಸದ ಕ್ರಮವೇ ಮುಖ್ಯವೆಂದು ತೋರುತ್ತದೆ. ಅದು ಹೇಗೆ ಎಂಬುದನ್ನು ಒಂದು ನಿರ್ದಿಷ್ಟ ಭಾಷೆಯ ಉದಾಹರಣೆಯೊಂದಿಗೆ ನೋಡೋಣ. ಆ ಭಾಷೆ ಜಪಾನೀ. ಬಿಡದಿಯ ಜಪಾನೀ ಸಹಯೋಗದ ಕಾರು ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿತು. ಅಂಥ ಉದ್ದಿಮೆಗಳಿಂದಾಗಿ ಬೆಂಗಳೂರಿನ ಸುತ್ತಮುತ್ತ ಈ ಭಾಷೆಯನ್ನು ಕಲಿಯಬೇಕಾದವರು ಹಲವರು. ಕನ್ನಡಿಗರಿಗೆ ಬಹು ದೂರದ್ದೆಂದು ತೋರುವ ಭಾಷೆ ಅದು. ಎಷ್ಟು ದೂರ ಎಂಬುದನ್ನು ಮುಂದೆ ನೀವೇ ನಿರ್ಧರಿಸಬಹುದು.

ಕಿವಿ ಮೊದಲು, ನಾಲಗೆ ಆಮೇಲೆ

ಧ್ವನಿಪೆಟ್ಟಿಗೆಯಿಂದ ತುಟಿಯವರೆಗಿನ ಮಾರ್ಗವನ್ನು ಒಂದು ಕೊಳವೆ ಎಂದು ಭಾವಿಸಿ. ವಯಸ್ಕ ಪುರುಷರಲ್ಲಿ ಅದರ ಉದ್ದ ಸುಮಾರು 17 ಸೆಂ.ಮೀ. ಒಂದು ತುದಿ ಮುಚ್ಚಿ ಇನ್ನೊಂದು ತುದಿ ತೆರೆದಿರುವ ಕೊಳವೆಯ ಅನುರಣನದ ಲೆಕ್ಕವನ್ನು ನೀವು ಪಿ.ಯು.ಸಿ.ಯಲ್ಲಿ ಮಾಡಿರುತ್ತೀರಿ. ಶಬ್ದದ ವೇಗವನ್ನು ಕೊಳವೆಯ ಉದ್ದದ ನಾಲ್ಕರಷ್ಟರಿಂದ ಭಾಗಿಸಬೇಕು. 340ನ್ನು 0.68ರಿಂದ ಭಾಗಿಸಿದರೆ 500 ಹರ್ಟ್ಸ್ ದೊರೆಯುತ್ತದೆ. ಮುಂದಿನ ಅನುರಣನ ಆವೃತ್ತಿಗಳು ಇದರ ಮೂರರಷ್ಟು ಮತ್ತು ಐದರಷ್ಟು, ಅಂದರೆ 1,500 ಮತ್ತು 2,500 ಹರ್ಟ್ಸ್. ನಾಲಗೆ, ತುಟಿ, ದವಡೆಗಳು ಅಲುಗಿದಾಗ ಕೊಳವೆಯ ಆಕಾರ ಬದಲಾಗಿ ಈ ಆವೃತ್ತಿಗಳು ಪಲ್ಲಟವಾಗುತ್ತವೆ. 'ಈ' ಎನ್ನುವಾಗ ಮೊದಲೆರಡು ಆವೃತ್ತಿಗಳು ಸುಮಾರು 300 ಮತ್ತು 2,200 ಹರ್ಟ್ಸ್. 'ಊ' ಎನ್ನುವಾಗ ಅವು 300 ಮತ್ತು 900ರ ಆಸುಪಾಸಿನಲ್ಲಿರುತ್ತವೆ. ಸ್ವರಗಳನ್ನು ನಾವು ಪ್ರತ್ಯೇಕಿಸುವುದು ಮುಖ್ಯವಾಗಿ ಇವುಗಳ ಆಧಾರದಿಂದ.

ಬಾಯಿಂದ ಹೊರಡಬಹುದಾದ ಧ್ವನಿಗಳು ಅಸಂಖ್ಯ. ಪ್ರತಿಯೊಂದು ಭಾಷೆಯೂ ಅವುಗಳಲ್ಲಿ ಕೆಲವು ವ್ಯತ್ಯಾಸಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಉಳಿದವನ್ನು ಕಡೆಗಣಿಸುತ್ತದೆ. ಕಿವಿಗೆ ಈ ಪಾಠ ಹುಟ್ಟಿದ ಮೊದಲ ವರ್ಷದಲ್ಲೇ ಆಗುತ್ತದೆ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗದಲ್ಲಿ ಇಂಗ್ಲಿಷ್ ಮಾತನಾಡುವ ಮನೆಗಳ ಶಿಶುಗಳಿಗೆ ಹಿಂದಿಯ 'ತ' ಮತ್ತು 'ಟ' ಧ್ವನಿಗಳನ್ನು ಕೇಳಿಸಲಾಯಿತು. 6ರಿಂದ 8 ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಎರಡರ ವ್ಯತ್ಯಾಸವನ್ನು ಗುರುತಿಸಿದವು. 10ರಿಂದ 12 ತಿಂಗಳ ವೇಳೆಗೆ ಅಂಥ ಶಿಶುಗಳು ವಿರಳವಾದವು. ನಮಗೆ ಹಗಲು ರಾತ್ರಿಯಷ್ಟು ಸ್ಪಷ್ಟವಾದ ಈ ಭೇದ ಬೆಳೆದ ಇಂಗ್ಲಿಷರಿಗೆ ಸುಲಭವಾಗಿ ಕೇಳಿಸದಿರುವುದಕ್ಕೆ ಕಾರಣ ಇದೇ. ಅವರ ಕಿವಿ ದುರ್ಬಲವಾಗಿದೆ ಎಂದಲ್ಲ, ಬೇರೆ ಪಾಠ ಕಲಿತಿದೆ.

ಹಾಗಾದರೆ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದೇ? ಜಪಾನೀಯರಿಗೆ ಇಂಗ್ಲಿಷಿನ 'ರ' ಮತ್ತು 'ಲ' ಒಂದೇ ಆಗಿ ಕೇಳಿಸುತ್ತವೆ ಎಂಬುದು ಪ್ರಸಿದ್ಧ. 1991ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಲೋಗನ್, ಲೈವ್ಲಿ ಮತ್ತು ಪಿಸೋನಿ, ಈ ಎರಡು ಧ್ವನಿಗಳಲ್ಲಿ ಮಾತ್ರ ಭಿನ್ನವಾದ ಪದಜೋಡಿಗಳನ್ನು ವಯಸ್ಕ ಜಪಾನೀಯರಿಗೆ ಸುಮಾರು ಮೂರು ವಾರ ಕೇಳಿಸಿದರು. ಕೇಳಿದ್ದು ಯಾವ ಪದವೆಂದು ಅವರು ಹೇಳಬೇಕು; ಸರಿಯೋ ತಪ್ಪೋ ಎಂಬುದು ಆ ಕ್ಷಣವೇ ಅವರಿಗೆ ತಿಳಿಯುತ್ತಿತ್ತು. ಪದಗಳನ್ನು ಉಚ್ಚರಿಸಿದವರು ಒಬ್ಬರಲ್ಲ, ಹಲವರು. ಕಲಿತವರ ಗ್ರಹಿಕೆ ಸುಧಾರಿಸಿತು. ಇದೇ ಕ್ರಮದ ಮುಂದಿನ ಪ್ರಯೋಗಗಳು ಎರಡು ಸಂಗತಿಗಳನ್ನು ತೋರಿಸಿದವು. ಕೇಳುವ ತರಬೇತಿಯಿಂದಲೇ ಉಚ್ಚಾರಣೆಯೂ ಸುಧಾರಿಸುತ್ತದೆ. ಸುಧಾರಣೆ ಮೂರು ತಿಂಗಳ ನಂತರವೂ ಉಳಿದಿರುತ್ತದೆ.

ಕಲಿಯುವವರಿಗೆ ಇದರಿಂದ ಸಿಗುವ ಸೂಚನೆ ಸ್ಪಷ್ಟ. ಮೊದಲ ಕೆಲವು ವಾರಗಳು ಬಾಯಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡಿ. ಒಬ್ಬರ ಧ್ವನಿಗೆ ಅಂಟಿಕೊಳ್ಳದೆ ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಹೀಗೆ ಹಲವರ ಮಾತು ಕೇಳಿ. ಒಂದೇ ಧ್ವನಿಯಲ್ಲಿ ಭಿನ್ನವಾಗುವ ಪದಜೋಡಿಗಳನ್ನು ಹುಡುಕಿ, ಯಾವುದೆಂದು ಊಹಿಸಿ, ಕೂಡಲೇ ತಾಳೆ ನೋಡಿ.

ಕನ್ನಡಿಗರು ಜಪಾನೀ ಕಲಿಯುವಾಗ ಈ ಹಂತದ ಅರ್ಧ ದಾರಿ ಈಗಾಗಲೇ ಸವೆದಿರುತ್ತದೆ. ಜಪಾನಿಯಲ್ಲಿ 'ಒಜಿಸನ್' ಎಂದರೆ ಚಿಕ್ಕಪ್ಪ ಅಥವಾ ಮಾವ. 'ಒಜೀಸನ್' ಎಂದರೆ ಅಜ್ಜ. 'ಕಿತೆ' ಎಂದರೆ 'ಬಂದು'. 'ಕಿತ್ತೆ' ಎಂದರೆ ಅಂಚೆಚೀಟಿ. ಹ್ರಸ್ವ ದೀರ್ಘಗಳ, ಒತ್ತಕ್ಷರಗಳ ಈ ಭೇದವನ್ನು ಹಿಡಿಯಲು ಇಂಗ್ಲಿಷ್ ಭಾಷಿಕರು ತಿಂಗಳುಗಟ್ಟಲೆ ಹೆಣಗುತ್ತಾರೆ. 'ಕತೆ'ಗೂ 'ಕತ್ತೆ'ಗೂ ವ್ಯತ್ಯಾಸ ತಿಳಿದ ನಮ್ಮ ಎರಡನೆಯ ತರಗತಿಯ ಮಗುವಿಗೆ ಇದು ಸಮಸ್ಯೆಯೇ ಅಲ್ಲ. ಹೊಸದಾಗಿ ಕಲಿಯಬೇಕಾದದ್ದು ಶ್ರುತಿಯ ಏರಿಳಿತ. ಟೋಕಿಯೊ ಮಾತಿನಲ್ಲಿ 'ಹಶಿ' ಎಂಬುದರ ಮೊದಲ ಅಕ್ಷರದ ಶ್ರುತಿ ಮೇಲಿದ್ದರೆ ಊಟದ ಕಡ್ಡಿ, ಎರಡನೆಯದರ ಶ್ರುತಿ ಮೇಲಿದ್ದರೆ ಸೇತುವೆ. ಕನ್ನಡದಲ್ಲಿ ಈ ಭೇದವಿಲ್ಲ. ನಿಮ್ಮ ಶ್ರಮವನ್ನು ಇಲ್ಲಿ ಹಾಕಿ.

ಕನ್ನಡ ಕಟ್ಟಿಕೊಟ್ಟ ಬುತ್ತಿ

ಧ್ವನಿಯ ನಂತರ ವಾಕ್ಯ. 'ನಾನು ಅನ್ನವನ್ನು ತಿನ್ನುತ್ತೇನೆ' ಎಂಬುದು ಜಪಾನಿಯಲ್ಲಿ 'ವತಶಿ ವ ಗೊಹನ್ ಒ ತಬೆಮಸು' ಎಂದಾಗುತ್ತದೆ. 'ವತಶಿ' ನಾನು, 'ಗೊಹನ್' ಅನ್ನ, 'ತಬೆಮಸು' ತಿನ್ನುವ ಕ್ರಿಯೆ. ಕರ್ತೃ, ಕರ್ಮ, ಕ್ರಿಯಾಪದಗಳ ಅನುಕ್ರಮ ಕನ್ನಡದ್ದೇ. 'ಗೊಹನ್' ನಂತರದ 'ಒ' ನಮ್ಮ ದ್ವಿತೀಯಾ ವಿಭಕ್ತಿಯ 'ಅನ್ನು'ವಿನ ಕೆಲಸ ಮಾಡುತ್ತದೆ. ವಾಕ್ಯದ ಕೊನೆಗೆ 'ಕ' ಸೇರಿಸಿ 'ತಬೆಮಸು ಕ' ಎಂದರೆ 'ತಿನ್ನುತ್ತೀರಾ?' ನಮ್ಮ 'ಆ' ಪ್ರತ್ಯಯದ ಜಾಗದಲ್ಲಿ ಅವರ 'ಕ'. 'ನಾನೂ' ಎನ್ನಲು 'ವತಶಿ ಮೊ'. 'ಇಂದ' ಎನ್ನಲು 'ಕರ', 'ವರೆಗೆ' ಎನ್ನಲು 'ಮದೆ'. ಎಲ್ಲವೂ ನಾಮಪದದ ಹಿಂದೆ ಬರುತ್ತವೆ, ಇಂಗ್ಲಿಷಿನಂತೆ ಮುಂದೆ ಅಲ್ಲ.

ಇನ್ನೂ ಸೋಜಿಗದ ಸಂಗತಿಗಳಿವೆ. 'ನಿನ್ನೆ ಓದಿದ ಪುಸ್ತಕ' ಎಂಬುದು 'ಕಿನೋ ಯೊಂದ ಹೊನ್'. ಪದಕ್ಕೆ ಪದ ಕೂರುತ್ತದೆ. ಇಂಗ್ಲಿಷಿನಲ್ಲಾದರೆ ಇಡೀ ಕಟ್ಟಡವನ್ನು ತಿರುವಿ ಹಾಕಬೇಕು. 'ತಿಂದು ನೋಡು' ಎಂದು ನಾವು ಹೇಳುತ್ತೇವಲ್ಲ, ಅಲ್ಲಿ 'ನೋಡು' ಎಂಬುದಕ್ಕೆ ಕಣ್ಣಿನ ಸಂಬಂಧವಿಲ್ಲ, ಪ್ರಯತ್ನಿಸು ಎಂದರ್ಥ. ಜಪಾನೀಯರು ಅದನ್ನೇ 'ತಬೆತೆ ಮಿರು' ಎನ್ನುತ್ತಾರೆ. 'ತಬೆತೆ' ತಿಂದು, 'ಮಿರು' ನೋಡು! 'ತಿಂದುಬಿಟ್ಟೆ' ಎಂಬುದರಲ್ಲಿರುವ 'ಬಿಡು'ವಿನ ಛಾಯೆಯನ್ನು ಇಂಗ್ಲಿಷರಿಗೆ ವಿವರಿಸಲು ಅರ್ಧ ಪುಟ ಬೇಕು. ಜಪಾನೀಯರಿಗೆ 'ತಬೆತೆ ಶಿಮತ್ತ' ಎಂದರೆ ಸಾಕು. ಕ್ರಿಯಾಪದದ ವಿಷಯದಲ್ಲಂತೂ ಜಪಾನೀ ಕನ್ನಡಕ್ಕಿಂತ ಸುಲಭ. ತಿನ್ನುತ್ತೇನೆ, ತಿನ್ನುತ್ತೀರಿ, ತಿನ್ನುತ್ತಾನೆ, ತಿನ್ನುತ್ತಾಳೆ ಎಲ್ಲಕ್ಕೂ ಒಂದೇ 'ತಬೆಮಸು'.

ಇವೆಲ್ಲ ಎರಡು ಭಾಷೆಗಳ ಬಂಧುತ್ವಕ್ಕೆ ಪುರಾವೆಯೇ? ಅಲ್ಲ. ಕ್ರಿಯಾಪದ ಕೊನೆಯಲ್ಲಿ ಬರುವ ಭಾಷೆಗಳು ಜಗತ್ತಿನಲ್ಲಿ ಬಹಳಷ್ಟಿವೆ, ಅಂಥವುಗಳಲ್ಲಿ ಇತರ ಹೋಲಿಕೆಗಳೂ ಹೆಚ್ಚಾಗಿ ಕಾಣುತ್ತವೆ. ಜಪಾನೀ ಮತ್ತು ತಮಿಳುಗಳ ನಡುವೆ ನಂಟಿದೆ ಎಂದು ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ.

ಲಿಪಿಯಲ್ಲಿ ಮಾತ್ರ ನಿಜವಾದ ನಂಟೊಂದಿದೆ. ಜಪಾನಿನ ಎರಡು ಅಕ್ಷರಮಾಲೆಗಳಾದ ಹಿರಗಾನ ಮತ್ತು ಕತಕಾನಗಳ ಅನುಕ್ರಮವನ್ನು ನೋಡಿ. ಸ್ವರಗಳು ಅ, ಇ, ಉ, ಎ, ಒ. ವ್ಯಂಜನದ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. 'ಸ' ಮತ್ತು 'ಹ' ನಿಂತಿರುವುದು ನಮ್ಮ 'ಚ' ಮತ್ತು 'ಪ' ವರ್ಗಗಳ ಜಾಗದಲ್ಲಿ ಎಂದು ತಿಳಿದರೆ ಇದು ನಮ್ಮ ವರ್ಣಮಾಲೆಯೇ. ಬೌದ್ಧ ಗ್ರಂಥಗಳ ಸಲುವಾಗಿ ಸಂಸ್ಕೃತದ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡಿದ ಜಪಾನೀ ಭಿಕ್ಷುಗಳ ಮೂಲಕ ಈ ವ್ಯವಸ್ಥೆ ಅಲ್ಲಿಗೆ ತಲುಪಿತು. ಇಂದಿಗೂ ಜಪಾನಿನ ನಿಘಂಟುಗಳು ಇದೇ ಕ್ರಮದಲ್ಲಿವೆ. ಕಷ್ಟವಿರುವುದು ಚೀನಾದಿಂದ ಬಂದ ಕಾಂಜಿ ಚಿಹ್ನೆಗಳಲ್ಲಿ. 2010ರ ಪರಿಷ್ಕೃತ ಪಟ್ಟಿಯ ಪ್ರಕಾರ ನಿತ್ಯಬಳಕೆಯವೇ 2,136 ಇವೆ. ಇಷ್ಟನ್ನು ನೆನಪಿನಲ್ಲಿಡುವುದು ಹೇಗೆ? ಇದು ನಮ್ಮನ್ನು ಎರಡನೆಯ ದೂರಿಗೆ ತರುತ್ತದೆ.

ಮರೆವಿಗೂ ಒಂದು ನಿಯಮವಿದೆ

ಮರೆವನ್ನು ಮೊದಲು ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವರ ಗ್ರಂಥ ಪ್ರಕಟವಾದದ್ದು 1885ರಲ್ಲಿ. ಪ್ರಯೋಗಕ್ಕೆ ಒಳಗಾದವರು ಅವರೊಬ್ಬರೇ. ಅರ್ಥವಿಲ್ಲದ ಸುಮಾರು 2,300 ಅಕ್ಷರಗುಚ್ಛಗಳನ್ನು ರಚಿಸಿ, ಪಟ್ಟಿ ಮಾಡಿ, ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ದಾಖಲಿಸಿದರು. ಅಳತೆಯ ಉಪಾಯ ಜಾಣತನದ್ದು. ಮೊದಲ ಸಲ ಕಲಿಯಲು 100 ಸೆಕೆಂಡು ಹಿಡಿದ ಪಟ್ಟಿಯನ್ನು ಮತ್ತೆ ಕಲಿಯಲು 66 ಸೆಕೆಂಡು ಸಾಕಾದರೆ ಉಳಿತಾಯ ಶೇ. 34. ಆ ಉಳಿತಾಯವೇ ನೆನಪಿನ ಅಳತೆ. ಅವರಿಗೆ ದೊರೆತ ಅಂಕಿಗಳು ಹೀಗಿವೆ: 20 ನಿಮಿಷದ ನಂತರ ಶೇ. 58, ಒಂದು ಗಂಟೆಯ ನಂತರ 44, ಒಂದು ದಿನದ ನಂತರ 34, ಆರು ದಿನಗಳ ನಂತರ 25, ಒಂದು ತಿಂಗಳ ನಂತರ 21. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮುರೆ ಮತ್ತು ಡ್ರೋಸ್ ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಬಹುಮಟ್ಟಿಗೆ ಇಂಥದೇ ರೇಖೆ ದೊರೆಯಿತು.

ಈ ಅಂಕಿಗಳನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡಿ. ವಿಕಿರಣಶೀಲ ಧಾತುವಿಗೆ ನಿಶ್ಚಿತ ಅರ್ಧಾಯು ಇರುತ್ತದೆ. ನೆನಪೂ ಹಾಗೆಯೇ ಕ್ಷಯಿಸುವುದಾದರೆ, ಮೊದಲ ಗಂಟೆಯ ವೇಗದಲ್ಲಿ ಮರುದಿನಕ್ಕೆ ಶೇ. 1 ಕೂಡ ಉಳಿಯಬಾರದಿತ್ತು. ಉಳಿದದ್ದು ಶೇ. 34! ಎಂದರೆ ನೆನಪಿನ ಅರ್ಧಾಯು ಸ್ಥಿರವಲ್ಲ. ಬದುಕುಳಿದ ನೆನಪು ದಿನಕಳೆದಂತೆ ಹೆಚ್ಚು ಗಟ್ಟಿಯಾಗುತ್ತದೆ. ಮತ್ತೊಮ್ಮೆ ಕಲಿತಾಗಲೆಲ್ಲ ಕ್ಷಯದ ವೇಗ ಇನ್ನಷ್ಟು ತಗ್ಗುತ್ತದೆ. ಹಾಗಾಗಿ ಪದವೊಂದನ್ನು ಒಂದೇ ದಿನ ಐವತ್ತು ಸಲ ಹೇಳಿಕೊಳ್ಳುವುದಕ್ಕಿಂತ, ಮರೆಯುವ ಅಂಚಿಗೆ ಬಂದಾಗಲೊಮ್ಮೆ ಎಂದು ಐದಾರು ಸಲ ನೆನಪಿಸಿಕೊಳ್ಳುವುದು ಲಾಭದಾಯಕ.

ಇದಕ್ಕೆ ವಿದೇಶೀ ಭಾಷೆಯ ಪದಗಳ ಮೇಲೆಯೇ ನಡೆದ ದೀರ್ಘ ಪ್ರಯೋಗವೊಂದಿದೆ. ಅಮೆರಿಕದ ಬಾರಿಕ್ ಕುಟುಂಬದ ನಾಲ್ವರು 300 ಪದಗಳನ್ನು ಕಲಿತರು. ಕೆಲವನ್ನು 14 ದಿನಕ್ಕೊಮ್ಮೆ, ಕೆಲವನ್ನು 28 ದಿನಕ್ಕೊಮ್ಮೆ, ಇನ್ನು ಕೆಲವನ್ನು 56 ದಿನಕ್ಕೊಮ್ಮೆ ಅಭ್ಯಾಸ ಮಾಡಿದರು. ನಂತರ ಐದು ವರ್ಷಗಳವರೆಗೆ ತಮ್ಮ ನೆನಪನ್ನು ಪರೀಕ್ಷಿಸಿಕೊಂಡರು. 1993ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: 56 ದಿನಗಳ ಅಂತರದ 13 ಅಭ್ಯಾಸಗಳು, 14 ದಿನಗಳ ಅಂತರದ 26 ಅಭ್ಯಾಸಗಳಿಗೆ ಸಮನಾಗಿದ್ದವು. ಶ್ರಮ ಅರ್ಧ, ಫಲ ಅಷ್ಟೇ.

ಓದುವುದು ಬೇರೆ, ಹೊರತೆಗೆಯುವುದು ಬೇರೆ

ಅಂತರದಷ್ಟೇ ಮುಖ್ಯವಾದದ್ದು ಅಭ್ಯಾಸದ ಬಗೆ. 2008ರಲ್ಲಿ ಜೆಫ್ರಿ ಕಾರ್ಪಿಕ್ ಮತ್ತು ಹೆನ್ರಿ ರೋಡಿಗರ್ ಕಾಲೇಜು ವಿದ್ಯಾರ್ಥಿಗಳಿಗೆ ಆಫ್ರಿಕಾದ ಸ್ವಾಹಿಲಿ ಭಾಷೆಯ 40 ಪದಗಳನ್ನು ಅರ್ಥಸಹಿತ ಕಲಿಸಿದರು. 'ಮಶುವಾ' ಎಂದರೆ ದೋಣಿ, ಹೀಗೆ. ಒಂದು ಪದ ಒಮ್ಮೆ ಸರಿಯಾಗಿ ನೆನಪಾದ ಮೇಲೆ, ಕೆಲವು ಗುಂಪುಗಳಿಗೆ ಅದನ್ನು ಓದಲು ಮತ್ತೆ ಮತ್ತೆ ಕೊಡಲಾಯಿತು, ಆದರೆ ಅದರ ಮೇಲೆ ಪ್ರಶ್ನೆ ಕೇಳಲಿಲ್ಲ. ಕೆಲವು ಗುಂಪುಗಳಿಗೆ ಮತ್ತೆ ಓದಲು ಕೊಡದೆ ಪ್ರಶ್ನೆ ಮಾತ್ರ ಕೇಳಲಾಯಿತು. ಒಂದು ವಾರದ ನಂತರ ಪ್ರಶ್ನೆಗಳನ್ನು ಎದುರಿಸುತ್ತಲೇ ಬಂದವರಿಗೆ ಸುಮಾರು ಶೇ. 80 ಪದಗಳು ನೆನಪಿದ್ದವು. ಪ್ರಶ್ನೆ ನಿಂತುಹೋದವರಿಗೆ ಶೇ. 35ರ ಆಸುಪಾಸು ಮಾತ್ರ. ಒಮ್ಮೆ ನೆನಪಾದ ಪದವನ್ನು ಮತ್ತೆ ಎಷ್ಟು ಸಲ ಓದಿದರೂ ವ್ಯತ್ಯಾಸವಾಗಲಿಲ್ಲ. ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕಲಿಕೆ ಮುಗಿದ ದಿನ 'ವಾರದ ನಂತರ ನಿಮಗೆ ಎಷ್ಟು ಪದ ನೆನಪಿರಬಹುದು?' ಎಂದು ಕೇಳಿದಾಗ ಎಲ್ಲ ಗುಂಪುಗಳೂ ಹೆಚ್ಚುಕಡಿಮೆ ಅರ್ಧದಷ್ಟು ಎಂದೇ ಅಂದಾಜು ಮಾಡಿದ್ದವು. ಅಂದರೆ, ಕಲಿತಿದ್ದೇವೆ ಎಂಬ ಅನಿಸಿಕೆ ಕಲಿತದ್ದರ ಅಳತೆಯಲ್ಲ.

ಈ ಪ್ರಯೋಗವನ್ನು ಓದಿದಾಗ ನನಗೆ ನೆನಪಾಗುವುದು ಕನ್ನಡ ಮಾಧ್ಯಮದಿಂದ ಪದವಿ ತರಗತಿಗೆ ಬರುವ ವಿದ್ಯಾರ್ಥಿಗಳು. ಲೆಕ್ಕ ಮಾಡುವುದರಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಆದರೆ ಸೆಮಿನಾರು ಎಂದಾಕ್ಷಣ 'ನಮ್ದು ಕನ್ನಡ ಮೀಡಿಯಂ ಸಾರ್' ಎಂದು ತಲೆ ತಗ್ಗಿಸುತ್ತಾರೆ. ಹತ್ತು ಹನ್ನೆರಡು ವರ್ಷ ಇಂಗ್ಲಿಷನ್ನು ಓದಿದ್ದಾರೆ, ನಕಲು ಮಾಡಿದ್ದಾರೆ, ಉರು ಹೊಡೆದಿದ್ದಾರೆ. ಸ್ವಂತದ ಒಂದು ವಾಕ್ಯವನ್ನು ತಲೆಯೊಳಗಿನಿಂದ ಹೊರತೆಗೆಯುವಂತೆ ಅವರನ್ನು ಕೇಳಿದವರು ಕಡಿಮೆ. ಕೊರತೆ ಇರುವುದು ಅಲ್ಲಿ. ಬುದ್ಧಿಯಲ್ಲಾಗಲಿ ಮಾಧ್ಯಮದಲ್ಲಾಗಲಿ ಅಲ್ಲ. ನನ್ನ ತರಗತಿಯಲ್ಲಿ ಒಂದು ಸಣ್ಣ ರೂಢಿ ಇಟ್ಟುಕೊಂಡಿದ್ದೇನೆ. ಆ ದಿನ ಕಲಿತ ಒಂದು ಪರಿಕಲ್ಪನೆಯನ್ನು, ನೋಟ್ಸ್ ಮುಚ್ಚಿಟ್ಟು, ಪಕ್ಕದವರಿಗೆ ಐದು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಬೇಕು. ಅದನ್ನೇ ಮರುದಿನ ಇನ್ನೊಬ್ಬರಿಗೆ, ಮುಂದಿನ ವಾರ ಮತ್ತೊಬ್ಬರಿಗೆ. ವ್ಯಾಕರಣದ ತಪ್ಪಿಗೆ ನಗುವಂತಿಲ್ಲ. ಮೊದಲ ತಿಂಗಳು ತಡವರಿಸಿದವರು ಸೆಮಿಸ್ಟರ್ ಮುಗಿಯುವ ವೇಳೆಗೆ ಎದ್ದು ನಿಂತು ಪ್ರಶ್ನೆ ಕೇಳುವುದನ್ನು ನೋಡಿದ್ದೇನೆ.

ಲಗ್ನಪತ್ರಿಕೆಯ ಚೀಟಿಗಳು

ಅಂತರ ಮತ್ತು ಪ್ರಶ್ನೆ, ಈ ಎರಡು ತತ್ತ್ವಗಳನ್ನು ಒಟ್ಟಿಗೆ ಅಳವಡಿಸಿದ ಸರಳ ಸಾಧನವನ್ನು 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಭಾಷೆಯ ವಿಜ್ಞಾನ ಲೇಖಕರು ಪ್ರಚಾರಕ್ಕೆ ತಂದರು. ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಐದು ಮನೆಗಳು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಅವನ್ನು ಚೀಟಿಗಳಾಗಿ ಕತ್ತರಿಸಿ, ಒಂದು ಬದಿಯಲ್ಲಿ ಹೊಸ ಭಾಷೆಯ ಪದ, ಇನ್ನೊಂದು ಬದಿಯಲ್ಲಿ ಅರ್ಥ ಅಥವಾ ಚಿತ್ರ ಬರೆಯಿರಿ. ಎಲ್ಲ ಚೀಟಿಗಳೂ ಮೊದಲ ಮನೆಯಲ್ಲಿ ಇರಲಿ. ಒಂದು ಚೀಟಿ ತೆಗೆದು, ಹಿಂಬದಿ ನೋಡದೆ ಉತ್ತರ ಹೇಳಿ. ಸರಿಯಾದರೆ ಅದು ಮುಂದಿನ ಮನೆಗೆ ಹೋಗುತ್ತದೆ. ತಪ್ಪಾದರೆ, ಯಾವ ಮನೆಯಲ್ಲಿದ್ದರೂ, ಹಾವು ನುಂಗಿದ ಕಾಯಿಯಂತೆ ಮೊದಲ ಮನೆಗೆ ಇಳಿಯುತ್ತದೆ. ಮೊದಲ ಮನೆಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತೆರೆಯಬಹುದು. ಗೊತ್ತಿರುವ ಪದಕ್ಕೆ ಕಡಿಮೆ ಸಮಯ, ಕಾಡುವ ಪದಕ್ಕೆ ಹೆಚ್ಚು ಸಮಯ ತಾನಾಗಿಯೇ ಸಿಗುತ್ತದೆ. ಕಂಪ್ಯೂಟರು ಮತ್ತು ಮೊಬೈಲುಗಳಲ್ಲಿ ಇದೇ ಕೆಲಸ ಮಾಡುವ 'ಆಂಕಿ' ಎಂಬ ತಂತ್ರಾಂಶ 2006ರಲ್ಲಿ ಬಂತು. ಆ ಹೆಸರು ಜಪಾನೀ ಭಾಷೆಯದೇ, ಕಂಠಪಾಠ ಎಂದರ್ಥ.

ಯಾವ ಪದಗಳನ್ನು ಮೊದಲು ಕಲಿಯಬೇಕು? ಅಮೆರಿಕದ ಜಾರ್ಜ್ ಜಿಪ್ ಗುರುತಿಸಿದ ನಿಯಮ ಇಲ್ಲಿ ಉಪಯುಕ್ತ. ಬಳಕೆಯ ಕ್ರಮದಲ್ಲಿ ಹತ್ತನೆಯ ಸ್ಥಾನದ ಪದ, ಮೊದಲ ಸ್ಥಾನದ ಪದದ ಸುಮಾರು ಹತ್ತನೆಯ ಒಂದರಷ್ಟು ಸಲ ಬರುತ್ತದೆ. ನೂರನೆಯದು ನೂರನೆಯ ಒಂದರಷ್ಟು. ಕೆಲವೇ ಪದಗಳು ಭಾಷೆಯ ಬಹುಪಾಲು ಹೊರೆಯನ್ನು ಹೊರುತ್ತವೆ. ಇಂಗ್ಲಿಷಿನಲ್ಲಿ ಅತಿ ಬಳಕೆಯ 2,000 ಪದಗಳು, ಅವುಗಳ ರೂಪಭೇದಗಳೂ ಸೇರಿ, ಸಾಮಾನ್ಯ ಬರಹದ ಸುಮಾರು ಶೇ. 80ರಷ್ಟನ್ನು ಆವರಿಸುತ್ತವೆ. ದಿನಕ್ಕೆ ಹತ್ತು ಪದದಂತೆ ಇದು ಏಳು ತಿಂಗಳೊಳಗಿನ ಕೆಲಸ. ಪದಗಳನ್ನು ಬಿಡಿಯಾಗಿ ಕಲಿಯದೆ ಪುಟ್ಟ ವಾಕ್ಯದೊಳಗಿಟ್ಟು ಕಲಿತರೆ ವ್ಯಾಕರಣವೂ ಜೊತೆಗೇ ಬರುತ್ತದೆ.

ವಯಸ್ಸಿನ ಮಾತು

ಇನ್ನು ಮೂರನೆಯ ದೂರು. ಭಾಷೆ ಕಲಿಯುವ ಸಾಮರ್ಥ್ಯ ಪ್ರೌಢಾವಸ್ಥೆಗೆ ಕಾಲಿಡುವಾಗ ಕುಗ್ಗುತ್ತದೆ ಎಂಬ ವಾದವನ್ನು 1967ರಲ್ಲಿ ಎರಿಕ್ ಲೆನೆಬರ್ಗ್ ಮಂಡಿಸಿದರು. 2018ರಲ್ಲಿ ಹಾರ್ಟ್ಸ್‌ಹಾರ್ನ್, ಟೆನೆನ್‌ಬಾಮ್ ಮತ್ತು ಪಿಂಕರ್ ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ವ್ಯಾಕರಣಜ್ಞಾನವನ್ನು ವಿಶ್ಲೇಷಿಸಿ, ಈ ಕುಸಿತ ಆರಂಭವಾಗುವುದು 17ರ ಹರೆಯದ ನಂತರ ಎಂದು ಅಂದಾಜು ಮಾಡಿದರು. ಇಲ್ಲಿ ಒಂದು ವಿವರವನ್ನು ಮರೆಯಬಾರದು. ಈ ಅಧ್ಯಯನದ ಪ್ರಶ್ನೆ, ಆ ಭಾಷೆಯಲ್ಲೇ ಹುಟ್ಟಿ ಬೆಳೆದವರ ಮಟ್ಟವನ್ನು ಯಾರು ಮುಟ್ಟಬಲ್ಲರು ಎಂಬುದು. ಟೋಕಿಯೊದಲ್ಲಿ ದಾರಿ ಕೇಳಲು, ಸಹೋದ್ಯೋಗಿಯೊಡನೆ ಕೆಲಸದ ಮಾತಾಡಲು, ಪತ್ರಿಕೆ ಓದಲು ಆ ಮಟ್ಟ ಬೇಕಾಗಿಲ್ಲ.

ಆರಂಭದ ವೇಗದಲ್ಲಂತೂ ದೊಡ್ಡವರೇ ಮುಂದೆ. ನೆದರ್‌ಲೆಂಡಿಗೆ ಬಂದು ಡಚ್ ಭಾಷೆ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಕ್ಯಾಥರೀನ್ ಸ್ನೋ ಮತ್ತು ಮರಿಯಾನ್ ಹೂಫ್ನಾಖೆಲ್-ಹೋಲ ಒಂದು ವರ್ಷ ಗಮನಿಸಿದರು. 1978ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೊದಲ ತಿಂಗಳುಗಳಲ್ಲಿ ಹದಿಹರೆಯದವರೂ ವಯಸ್ಕರೂ ಮುಂದಿದ್ದರು. 3ರಿಂದ 5 ವರ್ಷದ ಮಕ್ಕಳು ಹಿಂದಿದ್ದರು. ಮಕ್ಕಳ ಬಲವಿರುವುದು ದೀರ್ಘಾವಧಿಯಲ್ಲಿ, ದಿನವಿಡೀ ಆಡಿಕೊಂಡು ಕಲಿಯುವ ಬಿಡುವಿನಲ್ಲಿ. ನಮ್ಮ ಬಲವಿರುವುದು ಈಗಾಗಲೇ ಗೊತ್ತಿರುವ ಭಾಷೆಯೊಂದಿಗೆ ಹೋಲಿಸಿ ನೋಡುವ ಶಕ್ತಿಯಲ್ಲಿ.

ಬೆಳೆದ ಮಿದುಳೂ ಈ ಕೆಲಸಕ್ಕೆ ಸ್ಪಂದಿಸುತ್ತದೆ. ಸ್ವೀಡನ್ನಿನ ಸೇನಾ ದುಭಾಷಿಗಳ ಶಾಲೆಯಲ್ಲಿ ಅರಬ್ಬೀ, ರಷ್ಯನ್, ದರಿ ಭಾಷೆಗಳನ್ನು ಮೊದಲಿನಿಂದ ಕಲಿತ ತರುಣರ ಮಿದುಳನ್ನು ಮೂರು ತಿಂಗಳ ಅಂತರದಲ್ಲಿ ಎರಡು ಸಲ ಚಿತ್ರಿಸಲಾಯಿತು. ನೆನಪಿಗೆ ಅಗತ್ಯವಾದ ಹಿಪ್ಪೊಕ್ಯಾಂಪಸ್ ಭಾಗದ ಗಾತ್ರ ಅವರಲ್ಲಿ ಹೆಚ್ಚಿದ್ದುದು 2012ರಲ್ಲಿ ವರದಿಯಾಯಿತು. ನಮ್ಮ ದೇಶದ್ದೇ ಒಂದು ಅಧ್ಯಯನವನ್ನೂ ಹೇಳಬೇಕು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿತನದ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ವ್ಯತ್ಯಾಸವಿತ್ತು. ಇದು ಬಹುಕಾಲ ಎರಡು ಭಾಷೆ ಆಡಿದವರ ಮಾತು. ಅರವತ್ತಕ್ಕೆ ಹೊಸ ಭಾಷೆ ಹಿಡಿದರೆ ಕಾಯಿಲೆ ಬಾರದು ಎಂಬ ಭರವಸೆ ಇದರಲ್ಲಿಲ್ಲ.

ದಿನಕ್ಕೆ ಅರ್ಧ ಗಂಟೆ

ಇಷ್ಟನ್ನು ದಿನಚರಿಗೆ ಇಳಿಸುವುದು ಕಷ್ಟವಲ್ಲ.

1. ಬೆಳಿಗ್ಗೆ ಹತ್ತು ನಿಮಿಷ ಚೀಟಿ ಪೆಟ್ಟಿಗೆ. ಹೊಸ ಪದ ಹತ್ತಕ್ಕಿಂತ ಹೆಚ್ಚು ಬೇಡ. ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ಮಾಡಲು ಹೋಗಬೇಡಿ.

2. ಬಸ್ಸಿನಲ್ಲಿ ಅಥವಾ ಅಡುಗೆಮನೆಯಲ್ಲಿ ಹತ್ತು ನಿಮಿಷ ಕೇಳುವಿಕೆ. ಹಾಡು, ಸಿನಿಮಾ, ಆಟದ ವೀಕ್ಷಕ ವಿವರಣೆ, ಅಡುಗೆಯ ಕಾರ್ಯಕ್ರಮ, ನಿಮಗೆ ಇಷ್ಟವಾದದ್ದು ಯಾವುದಾದರೂ ಸರಿ. ತಮಿಳು, ಹಿಂದಿ ಹಾಡುಗಳಿಂದ ಆ ಭಾಷೆಗಳನ್ನು ಅರಿವಿಲ್ಲದೆ ಕಲಿತವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ.

3. ಸಂಜೆ ಐದು ನಿಮಿಷ ಓದು. ನೂರು ಪದಗಳಲ್ಲಿ ಗೊತ್ತಿಲ್ಲದ್ದು ಎರಡು ಮೂರು ಮಾತ್ರ ಇರುವಂಥ ಪುಸ್ತಕ ಆರಿಸಿ. ಅಷ್ಟಾದರೆ ಸಂದರ್ಭದಿಂದಲೇ ಊಹಿಸಬಹುದು, ಓದು ಹೊರೆಯಾಗದು. ಮಕ್ಕಳ ಕತೆಪುಸ್ತಕಕ್ಕೆ ಸಂಕೋಚ ಬೇಡ.

4. ಮಲಗುವ ಮುನ್ನ ಐದು ನಿಮಿಷ, ಆ ದಿನ ನಡೆದದ್ದನ್ನು ಹೊಸ ಭಾಷೆಯಲ್ಲಿ ಜೋರಾಗಿ ಹೇಳಿಕೊಳ್ಳಿ. ಸಿಗದ ಪದವನ್ನು ಬರೆದಿಡಿ. ಅದೇ ನಾಳಿನ ಚೀಟಿ.

5. ವಾರಕ್ಕೊಮ್ಮೆಯಾದರೂ ಆ ಭಾಷೆಯ ಮನುಷ್ಯರೊಬ್ಬರೊಡನೆ ಮಾತು.

ಕೊನೆಯದನ್ನು ಬಿಟ್ಟುಬಿಡಬೇಡಿ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ 9 ತಿಂಗಳ ಶಿಶುಗಳಿಗೆ ಚೀನೀ ಭಾಷೆಯನ್ನು 12 ಅವಧಿಗಳಲ್ಲಿ ಕೇಳಿಸಿದರು. ಎದುರು ಕೂತು ಆಡಿಸುತ್ತ ಮಾತನಾಡಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ಮಾತನ್ನು ಟಿ.ವಿ.ಯಲ್ಲಿ ತೋರಿಸಿದಾಗ ಏನನ್ನೂ ಕಲಿಯಲಿಲ್ಲ. ದೊಡ್ಡವರು ಯಂತ್ರದಿಂದಲೂ ಕಲಿಯಬಲ್ಲರು, ನಿಜ. ಆದರೂ ಎದುರಿಗಿರುವವರ ಮುಖ ನೋಡುತ್ತ ಪದವನ್ನು ಹುಡುಕುವಾಗ ಆಗುವ ಅಭ್ಯಾಸಕ್ಕೆ ಸಮನಾದ ಪರೀಕ್ಷೆ ಬೇರೆಯಿಲ್ಲ.

ಈ ಕಾರಣಕ್ಕೇ ಕಲಿಯುವವರಷ್ಟೇ ಹೊಣೆ ಕೇಳುವವರ ಮೇಲೂ ಇದೆ. ಹೊರರಾಜ್ಯದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರೊಬ್ಬರು ತರಕಾರಿ ಅಂಗಡಿಯಲ್ಲಿ 'ಅರ್ಧ ಕೆ.ಜಿ... ಬೀನ್ಸ್... ಕೊಡಿ' ಎಂದು ಪದಕ್ಕಾಗಿ ತಡಕಾಡುತ್ತಿರುವಾಗ, ಅವರಿಗೆ ಉಪಕಾರ ಮಾಡುವ ಉದ್ದೇಶದಿಂದ ನಾವು ಹಿಂದಿಗೋ ಇಂಗ್ಲಿಷಿಗೋ ಜಿಗಿಯುತ್ತೇವೆ. ಅವರ ನೆನಪಿನ ಪೆಟ್ಟಿಗೆಯಿಂದ ಹೊರಬರುತ್ತಿದ್ದ ಚೀಟಿ ಅಲ್ಲಿಗೇ ಒಳಗೆ ಹೋಗಿಬಿಡುತ್ತದೆ. ಸ್ವಾಹಿಲಿ ಪ್ರಯೋಗದಲ್ಲಿ ಪ್ರಶ್ನೆ ನಿಂತುಹೋದವರ ಗತಿಯೇ ಅವರದೂ. ಪದವೊಂದು ತಲೆಯಿಂದ ನಾಲಗೆಗೆ ಬರಲು ಕೆಲವು ಸೆಕೆಂಡುಗಳು ಬೇಕು. ಅಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಕನ್ನಡದಲ್ಲೇ, ನಿಧಾನವಾಗಿ, 'ಇನ್ನೇನು ಬೇಕು?' ಎಂದು ಕೇಳಿ ನೋಡಿ.